ನರ್ಸಮ್ಮ ತಂದ ಕಡಲೆಕಾಯಿ

ತೊಂಬತ್ತರ ದಶಕದಲ್ಲಿ ಚಾಮರಾಜನಗರದ ನಾವು ಏಳೆಂಟು ಜನ ಭಾನುವಾರ ಒಟ್ಟಿಗೆ ಕೂತು ಪುಸ್ತಕ ಓದುತ್ತಿದ್ದೆವು. ನಮ್ಮಲ್ಲೊಬ್ಬರಾಗಿ ಸಂತೆಮರಹಳ್ಳಿ ಆಸ್ಪತ್ರೆಯಿಂದ ಬಸ್ಸಲ್ಲಿ ಬರುತ್ತಿದ್ದ ನರ್ಸಮ್ಮನನ್ನು ಮೆಚ್ಚಿಸಿದ ಪುಸ್ತಕ ಒಂದೂ ಇರಲಿಲ್ಲ. ಒಬ್ಬರು ಜೋರಾಗಿ ಓದುವಾಗ ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ನಿದ್ದೆಯೇನೋ ಎಂದುಕೊಂಡರೆ, ಅಧ್ಯಾಯ ಮುಗಿದ ಕೂಡಲೇ ತೀರ್ಪು ಬರುತ್ತಿತ್ತು: "ಇದೇನ್ ಮಹಾ, ಬುಡಿ."

ಒಂದು ಭಾನುವಾರ ಓದಿದ್ದು ಕೂಲಿಯವರ ಮಗನೊಬ್ಬ ಬರೆದ ಆತ್ಮಕಥೆ. ತಾಯಿ ಕೂಲಿಗೆ ಹೋದ ಹೊಲದಿಂದ ಕಡಲೆಕಾಯಿ ಕದ್ದು ಮಡಿಲಲ್ಲಿ ತರುತ್ತಿದ್ದಳೆಂದು ಬರೆದಿದ್ದ.

"ಎಂಥ ಪ್ರಾಮಾಣಿಕತೆ!" ಎಂದರು ನಮ್ಮ ಕಾಲೇಜು ಮೇಷ್ಟ್ರು.

ನರ್ಸಮ್ಮ ಕಣ್ಣು ಬಿಟ್ಟರು. "ಕಡ್ಲೇಕಾಯಿ ಕೀಳಕ್ಕೋದೋರು ಮಡ್ಲಿಗ್ ಒಂದಿಡಿ ಹಾಕ್ಕಳದು ಕಳ್ಳತನ್ವಾ? ಅವತ್ತು ಸುಮ್ನೆ ತಿಂದ್ಬುಟ್ಟು ಈಗ ಬುಕ್ಕಲ್ಲಿ ಬರೀತಾನಾ?"

ಮೇಷ್ಟ್ರು ಸಮಜಾಯಿಷಿ ಕೊಡಲು ಹೋದರು. ಇಂಜೆಕ್ಷನ್ನಿಗೆ ಅಳುವ ದೊಡ್ಡವರನ್ನು ನೋಡುವಂತೆ ನರ್ಸಮ್ಮ ನೋಡಿದ್ದಕ್ಕೇ ಮುಂದಿನ ಪುಟ ತಿರುಗಿಸಿದರು.

ಮುಂದಿನ ಭಾನುವಾರ ನರ್ಸಮ್ಮ ಒಂದು ಚೀಲ ಬೇಯಿಸಿದ ಕಡಲೆಕಾಯಿ ತಂದು ನಮ್ಮ ನಡುವೆ ಸುರಿದರು. "ತಿನ್ನಿ ಸಾ, ಸಂತೇಲಿ ಕೊಂಡದ್ದು, ಕದ್ದದ್ದಲ್ಲ."

ಅವತ್ತು ಪುಸ್ತಕ ತೆರೆಯಲೇ ಇಲ್ಲ. ಮೇಷ್ಟ್ರು ಸಿಪ್ಪೆ ಗುಡ್ಡೆ ಹಾಕುತ್ತ ರುಚಿಯನ್ನು ಹೊಗಳಿದ್ದೇ ಹೊಗಳಿದ್ದು. ನರ್ಸಮ್ಮನೂ ಒಂದನ್ನು ಸುಲಿದು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಅಗಿದರು.

"ಇದೇನ್ ಮಹಾ, ಬುಡಿ," ಎಂದರು. "ನಮ್ಮವ್ವ ಮಡ್ಲಲ್ಲಿ ತತ್ತಿದ್ದ ಕಾಯಿನ್ ರುಚಿ ಇದ್ಕೆಲ್ ಬತ್ತದೆ?"