ಸಾಯದ ಖಳನ ಗಂಟಲು

ಗುಡುಗಣ್ಣ ಎಂಬ ಹೆಸರು ಇಟ್ಟಿದ್ದು ಡಬ್ಬಿಂಗ್ ಸ್ಟುಡಿಯೋದವರು. ಜಪಾನಿನ ಸಾಹಸ ಧಾರಾವಾಹಿಯೊಂದರ ಖಳನಿಗೆ ನಮ್ಮ ಭಾಷೆಯಲ್ಲಿ ದನಿ ಕೊಡುವುದು ಅವನ ಹೊಟ್ಟೆಪಾಡು. ಪರದೆಯ ಮೇಲೆ ಊರಿಗೆ ಊರೇ ಸುಡುವವನು ಮನೆಯಲ್ಲಿ ಹಲ್ಲಿ ಕಂಡರೆ ಹೆಂಡತಿಯನ್ನು ಕೂಗುತ್ತಿದ್ದ. ಈಚೆಗೆ ಆ ಕೂಗೂ ಸರಿಯಾಗಿ ಹೊರಡುತ್ತಿರಲಿಲ್ಲ.

ಗಂಟಲಲ್ಲೊಂದು ಗಂಟು ಬೆಳೆದಿತ್ತು. ಕೊಯ್ದು ತೆಗೆಯಬೇಕು, ಅಲ್ಲಿಯವರೆಗೆ ಪಿಸುಮಾತೂ ಬೇಡ, ಇನ್ನು ಅರಚಿದರೆ ದನಿಯೇ ಹೋದೀತು ಎಂದು ಡಾಕ್ಟರು ಖಂಡತುಂಡವಾಗಿ ಹೇಳಿದ್ದರು. ಗಂಟನ್ನು ಅವನು ಸ್ಟುಡಿಯೋದಲ್ಲಿ ಗುಟ್ಟಾಗಿಟ್ಟ. ವಿಚಿತ್ರವೆಂದರೆ, ಗಂಟು ದಪ್ಪವಾದಷ್ಟೂ ಖಳನಿಗೆ ಕಳೆ ಬಂತು. ಆ ಗೊರಗೊರ ದನಿಗೆ ಮಕ್ಕಳು ಮಂಚದಡಿ ಸೇರುತ್ತಿದ್ದರಂತೆ. ಅಭಿನಯವೆಂದರೆ ಇದಪ್ಪಾ ಎಂದು ನಿರ್ದೇಶಕಿ ಬೆನ್ನು ತಟ್ಟಿದಳು. ಅವನೂ ಉಬ್ಬಿದ, ಒಳಗಿನದೂ ಉಬ್ಬಿತು.

ಹೆಂಡತಿಗೆ ಧಾರಾವಾಹಿಯ ಮೇಲೇನೂ ದ್ವೇಷವಿರಲಿಲ್ಲ. ಹಿಮದಲ್ಲಿ ಇಬ್ಬರು ಕತ್ತಿ ಹಿರಿಯುವ ಮೊದಲಿನ ಆ ಮೌನಕ್ಕೆ ಅವಳು ಬಟ್ಟೆ ಮಡಚುವುದನ್ನೂ ನಿಲ್ಲಿಸುತ್ತಿದ್ದಳು. ಶತ್ರುವಿಗೂ ಒಂದು ಬಾಲ್ಯ, ಒಂದು ಅಳು ಕೊಟ್ಟಿದ್ದಾರಲ್ಲ, ಅದು ದೊಡ್ಡ ಗುಣ ಎನ್ನುತ್ತಿದ್ದಳು. ಆದರೆ ಹೊಡೆಯುವ ಮೊದಲು ಆ ಏಟಿನ ಹೆಸರನ್ನು ಯಾಕೆ ಅರಚಬೇಕು? ಒಂದು ನೆಗೆತಕ್ಕೆ ಇಡೀ ಒಂದು ಕಂತು ಬೇಕೇ? ಕತ್ತಿ ಹಿಡಿದ ಹುಡುಗಿಗೆ ನಾಯಕನ ಹೆಸರು ಕೂಗುವುದು ಬಿಟ್ಟು ಬೇರೆ ಕಸುಬಿಲ್ಲವೇ? ಎಲ್ಲಕ್ಕಿಂತ ದೊಡ್ಡ ದೋಷವೆಂದರೆ, ಅದರಲ್ಲಿ ಸತ್ತವರು ಸಾಯುವುದಿಲ್ಲ.

"ನಿಮ್ಮ ರಾಕ್ಷಸ ಎಷ್ಟು ಸಲ ಸತ್ತು ಎದ್ದು ಬಂದ! ನಿಮಗಿರೋದು ಒಂದೇ ಗಂಟಲು ಕಣ್ರೀ."

"ಈ ಸಲ ನಿಜವಾಗ್ಲೂ ಸಾಯ್ತಾನೆ ಕಣೇ," ಎಂದ ಅವನು, ದನಿ ಏಳದೆ. "ಇಷ್ಟು ದಿನ ಸಾಕಿದೀನಿ. ಬೇರೆಯವರ ಬಾಯಲ್ಲಿ ಸಾಯೋಕೆ ಬಿಡಲ್ಲ."

ಅದಾದ ಮಾರನೆಯ ದಿನವೇ ಆಪರೇಷನ್ ಎಂದು ಅವಳು ಮಾತು ತೆಗೆದುಕೊಂಡಳು.

ಕೊನೆಯ ಕಂತು. ಗಾಜಿನಾಚೆ ನಿರ್ದೇಶಕಿ, ಪಕ್ಕದಲ್ಲಿ ರೆಕಾರ್ಡಿಂಗ್ ನೋಡಿಕೊಳ್ಳುವವನು. ಪರದೆಯ ಮೇಲೆ ಖಳ ಬಂಡೆಯಿಂದ ಉರುಳಿದ. ಬೀಳುವುದೂ ಮುಗಿಯುವುದಿಲ್ಲ, ಕೂಗುವುದೂ ಮುಗಿಯುವುದಿಲ್ಲ. ಗುಡುಗಣ್ಣ ಅವನ ತುಟಿಗೆ ತುಟಿ ಹೊಂದಿಸಿ ಕೊನೆಯವರೆಗೂ ಕೂಗಿದ. ಒಳಗೇನೋ ಹರಿದಂತಾಗಿ ಬಾಯಲ್ಲಿ ಕಬ್ಬಿಣದ ರುಚಿ ಹರಡಿತು.

"ಮೈಯೆಲ್ಲ ನಡುಗಿತು, ಗುಡುಗಣ್ಣ," ಎಂದಳು ನಿರ್ದೇಶಕಿ ಹೆಡ್‌ಫೋನಿನಲ್ಲಿ. "ಯಾವುದಕ್ಕೂ ಇರಲಿ, ಇನ್ನೊಂದು ಸಲ ಕೊಟ್ಟುಬಿಡಿ."

ಅದು ಅಲ್ಲಿಯ ಪದ್ಧತಿ. ಎಷ್ಟೇ ಚೆನ್ನಾಗಿ ಬಂದರೂ ಒಂದೇ ಕೂಗನ್ನು ಯಾರೂ ನಂಬುವುದಿಲ್ಲ. ಆಗಲ್ಲ ಮೇಡಂ ಎನ್ನಲು ಗುಡುಗಣ್ಣ ಬಾಯಿ ತೆರೆದ. ಏನೂ ಬರಲಿಲ್ಲ. ಮತ್ತೆ ಪ್ರಯತ್ನಿಸಿದ. ಉಸಿರಷ್ಟೇ ಬಂತು. ಪರದೆಯ ಮೇಲೆ ಖಳ ಆಗಲೇ ಮತ್ತೆ ಉರುಳತೊಡಗಿದ್ದ.

ದನಿ ಅಳೆಯುವ ಮೀಟರಿನ ಮುಳ್ಳು ಅಲ್ಲಾಡದ್ದನ್ನು ಕಂಡು ರೆಕಾರ್ಡಿಂಗಿನವನು ಮೈಕು ಕೈಕೊಟ್ಟಿತೆಂದು ಗೊಣಗುತ್ತಾ, ವೈರು ತಡಕಲು ಮೇಜಿನಡಿ ಬಗ್ಗಿದ. ಗಾಜಿನ ಈಚೆ ಗುಡುಗಣ್ಣ ಎರಡೂ ಕೈಯಲ್ಲಿ ಗಂಟಲು ಹಿಡಿದು, ಕಣ್ಣರಳಿಸಿ ನಿಂತಿದ್ದ. ನಿರ್ದೇಶಕಿ ಅವನನ್ನೇ ಮೆಚ್ಚುಗಣ್ಣಿನಿಂದ ನೋಡಿದಳು.

"ಬೇಗ ಸರಿಮಾಡಪ್ಪಾ," ಎಂದಳು. "ಅವರಿನ್ನೂ ಪಾತ್ರದಲ್ಲೇ ಇದ್ದಾರೆ."