ಐದೇ ಮತ ಇದ್ದ ಹಸನ್ ಸಾಹೇಬರು

1948ರಲ್ಲಿ ನಾನು ಹೊನ್ನಾವರದಲ್ಲಿ ಸಹಕಾರ ಖಾತೆಯ ಸೂಪರ್‌ವೈಸರ್. ವಯಸ್ಸು ಇಪ್ಪತ್ತಾರು, ಗೊತ್ತಿಲ್ಲದ ವಿಷಯವೇ ಇಲ್ಲವೆಂಬ ಜಂಬ. ಶರಾವತಿಯ ಕಡವಿನಲ್ಲಿ ಜನರನ್ನು ದಾಟಿಸುವ ಹದಿನೆಂಟು ದೋಣಿಯವರ ಸಂಘ ಕಟ್ಟುವುದು ನನ್ನ ಕೆಲಸ. ಅಲ್ಲಿಯವರೆಗೆ ಕಡವಿನ ಗುತ್ತಿಗೆ ಒಬ್ಬ ವ್ಯಾಪಾರಿಯದು. ಇವರು ಅವನ ಕೂಲಿಗಳು. ಈಗ ಸಂಘಕ್ಕೆ ಒಂದು ವರ್ಷದ ಪರೀಕ್ಷೆಯ ಮೇಲೆ ಗುತ್ತಿಗೆ ಸಿಕ್ಕಿತ್ತು. ದೋಣಿ ನಿಂತರೆ ಅದು ಮತ್ತೆ ವ್ಯಾಪಾರಿಯ ಪಾಲು.

ಆಗ ಪತ್ರಿಕೆಗಳ ತುಂಬ ಸಂವಿಧಾನದ್ದೇ ಸುದ್ದಿ. ಅಮೆರಿಕದಲ್ಲಿರುವಂತೆ ಅವಧಿ ಮುಗಿಯುವ ತನಕ ಗಟ್ಟಿಯಾಗಿ ಕೂರುವ ಅಧ್ಯಕ್ಷ ಬೇಕೋ, ಸಭೆಯ ವಿಶ್ವಾಸ ಇರುವಷ್ಟು ದಿನ ಮಾತ್ರ ಉಳಿಯುವ ಮಂತ್ರಿಮಂಡಲ ಬೇಕೋ? ನಾನು ಅಧ್ಯಕ್ಷನ ಪಕ್ಷ. ನೂರೆಂಟು ಜಾತಿ, ಭಾಷೆಗಳ ದೇಶಕ್ಕೆ ಒಬ್ಬ ಗಟ್ಟಿ ಯಜಮಾನನೇ ಸರಿ ಎಂದು ಚಹಾದಂಗಡಿಯಲ್ಲಿ ಗಂಟಲು ಹರಿಯುವಂತೆ ವಾದಿಸುತ್ತಿದ್ದೆ. ಸಂಘದ ಪೋಟನಿಯಮವನ್ನೂ, ಅಂದರೆ ಒಳಗಿನ ಕಟ್ಟಳೆಯನ್ನೂ, ಹಾಗೇ ಬರೆದೆ: ಎಲ್ಲರೂ ಮತ ಹಾಕಿ ಒಬ್ಬ ಅಧ್ಯಕ್ಷನನ್ನು ಆರಿಸಬೇಕು, ವರ್ಷ ತುಂಬುವವರೆಗೆ ಅವನನ್ನು ಕದಲಿಸುವಂತಿಲ್ಲ.

ಅವರಲ್ಲಿ ಹತ್ತು ಮಂದಿ ಅಂಬಿಗರು, ಐವರು ಮುಸಲ್ಮಾನರು, ಮೂವರು ಕ್ರೈಸ್ತರು. ಹತ್ತು ಮತ ಬಿದ್ದು ಅಂಬಿಗರ ನಾಗಪ್ಪ ಗೆದ್ದ. ಕೆಟ್ಟವನಲ್ಲ, ಬರೀ ಹಟಮಾರಿ. ದೋಣಿಗಳ ಪಾಳಿಯನ್ನು ಪಟ್ಟಿ ಮಾಡಿ ಗೋಡೆಗೆ ಅಂಟಿಸಿದ. ಮೊದಲೆಲ್ಲ ಶುಕ್ರವಾರ ನಮಾಜಿನ ಹೊತ್ತಿಗೆ ಉಳಿದವರು ದೋಣಿ ಬಿಡುವುದು, ಭಾನುವಾರ ಇಗರ್ಜಿಯ ಹೊತ್ತಿಗೆ ಮುಸಲ್ಮಾನರು ಬಿಡುವುದು, ದಂಡೆಯ ಮೇಲೆ ಬಾಯಿಮಾತಿನಲ್ಲೇ ನಡೆಯುತ್ತಿತ್ತು. ಇಂಥ ಪದ್ಧತಿ ಉಂಟೇ ಎಂದು ನಾನು ಕೇಳಿಯೇ ಇರಲಿಲ್ಲ. ಈಗ ಪಟ್ಟಿ ಅಂದರೆ ಪಟ್ಟಿ. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೇ ಮುಸಲ್ಮಾನರಲ್ಲಿ ಹಿರಿಯರಾದ ಹಸನ್ ಸಾಹೇಬರ ಪಾಳಿ ಬಿತ್ತು.

ಎರಡು ವಾರ ಅವರು ಸಹಿಸಿದರು. ಮೂರನೆಯ ಶುಕ್ರವಾರ ಐವರೂ ದೋಣಿ ಕಟ್ಟಿ ಮಸೀದಿಗೆ ನಡೆದರು. "ಅವ್ರದ್ದೇ ಪಾಳಿ, ಅವ್ರೇ ಬಿಡ್ಲಿ" ಎಂದು ನಾಗಪ್ಪ ಬೇರೆ ದೋಣಿಯನ್ನೂ ಬಿಡಗೊಡಲಿಲ್ಲ. ಎರಡೂ ದಂಡೆಯಲ್ಲಿ ಜನ ಕಾದು ಕಾದು ಬೈದರು. ತಾಲೂಕಿನ ಅಧಿಕಾರಿ ಮಾಮಲೇದಾರರು ನನ್ನನ್ನು ಕರೆಸಿ, ಬರುವ ಶುಕ್ರವಾರವೂ ಹೀಗಾದರೆ ಗುತ್ತಿಗೆ ಹೋಯಿತೆಂದೇ ತಿಳಿಯಿರಿ ಎಂದರು.

ಕಡವಿಗೆ ಓಡಿದೆ. ನಾಗಪ್ಪನನ್ನು ಇಳಿಸೋಣವೆಂದರೆ ನನ್ನದೇ ನಿಯಮ ಅಡ್ಡ! ತಲೆ ಚಚ್ಚಿಕೊಳ್ಳುವ ಹಾಗಾಯಿತು. ಹಸನ್ ಸಾಹೇಬರು ಹಗ್ಗ ಸುತ್ತುತ್ತ ಹೇಳಿದರು:

"ನಾಗಪ್ಪ ಒಳ್ಳೆಯವ ರಾಯ್ರೆ. ಅವ ಯಾರಿಗೆ ಉತ್ತರ ಹೇಳ್ಬೇಕು ಅಂತ ನೀವು ಬರೀಲೇ ಇಲ್ಲ. ನಮ್ದು ಐದೇ ಮತ. ವರ್ಷ ತುಂಬೂ ತನಕ ನಾವು ಎಂತ ಮಾಡೂದು? ದೋಣಿ ಕಟ್ಟಿ ಹಾಕೂದೊಂದೇ ಅಲ್ದಾ?"

ಅದೇ ಸಂಜೆ ಸಭೆ ಕರೆದು, ತಪ್ಪು ನನ್ನದೆಂದು ಒಪ್ಪಿಕೊಂಡೆ. ಮೂರೂ ಗುಂಪಿನವರು ಸೇರಿದ ಐವರ ಕಮಿಟಿ, ಪ್ರತಿ ಗುರುವಾರ ಅದರೆದುರು ಪಾಳಿಯ ಮಾತು, ಕಮಿಟಿಗೆ ವಿಶ್ವಾಸ ಇರುವ ತನಕ ಮಾತ್ರ ಅಧ್ಯಕ್ಷ ಎಂದು ತಿದ್ದುಪಡಿ ಓದಿದೆ. ಹತ್ತು ಮತ ನಾಗಪ್ಪನ ಕಡೆ; ಅವನು ಒಲ್ಲೆ ಅಂದರೆ ಎಲ್ಲ ಮುಗಿದಂತೆ. ಅವನು ಗಡ್ಡ ಕೆರೆದುಕೊಂಡ.

"ಆತು, ಬರೀರಿ. ಊರವ್ರ ಬೈಗುಳ ಎಲ್ಲಾ ನಂಗೊಬ್ನಿಗೇ ಬರ್ತಿತ್ತು."

ಸಭೆಯೆಲ್ಲ ನಕ್ಕಿತು. ಹೊಸ ಕಮಿಟಿಯಲ್ಲಿ ಅಧ್ಯಕ್ಷನ ಹೆಸರು ಸೂಚಿಸಿದವರು ಹಸನ್ ಸಾಹೇಬರೇ: "ನಾಗಪ್ಪನೇ ಇರ್ಲಿ. ಈಗ ಅವ್ನನ್ನ ಕೇಳೂಕಾತದಲ್ಲ."

ಶುಕ್ರವಾರ ಮಧ್ಯಾಹ್ನ ಕಡವಿಗೆ ಹೋದೆ. ಹಸನ್ ಸಾಹೇಬರ ದೋಣಿಯಲ್ಲಿ ನಾಗಪ್ಪ ಹುಟ್ಟು ಹಿಡಿದು ನಿಂತಿದ್ದ. "ಹತ್ತಿ ರಾಯ್ರೆ, ನಮಾಜು ಮುಗಿಯೂ ತನಕ ನಾನೇ."

ಗುತ್ತಿಗೆ ಉಳಿಯಿತು. ಮುಂದೆ ನಾನು ಬರೆದ ಪ್ರತಿಯೊಂದು ಪೋಟನಿಯಮದಲ್ಲೂ, ಐದೇ ಮತ ಇರುವವನಿಗೆ ಕೇಳಲು ಜಾಗವಿದೆಯೇ ಎಂದು ಮೊದಲು ನೋಡುತ್ತಿದ್ದೆ. ಆ ಬುದ್ಧಿ ಕಲಿಸಿದ ಹಸನ್ ಸಾಹೇಬರನ್ನು ಇವತ್ತಿಗೂ ಕೈಮುಗಿದು ನೆನೆಯುತ್ತೇನೆ. ದೇಶವೂ ಸಭೆಗೆ ಉತ್ತರ ಹೇಳುವ ಸರಕಾರವನ್ನೇ ಆರಿಸಿಕೊಂಡ ಸುದ್ದಿ ಬಂದಾಗ, ಪತ್ರಿಕೆ ಹಿಡಿದು ನೆಟ್ಟಗೆ ಅವರ ಹತ್ತಿರವೇ ಹೋಗಿ ಓದಿ ಹೇಳಿದ್ದೆ.

"ಅವ್ರಿಗೂ ಯಾರೋ ದೋಣಿಯವ್ನೇ ಹೇಳಿರ್ಬೇಕು," ಎಂದು ನಕ್ಕು ಹುಟ್ಟು ಹಾಕಿದರು.