ನಾಗತ್ತೆಯ ಹಿತ್ತಲಿನ ಮೋಟಾರು ದೋಣಿ

ಪೆಟ್ರೋಲ್ ವಾಸನೆಯ ಹುರಿದ ಶೇಂಗಾ ತಿಂದಿದ್ದೀರಾ? ತಿನ್ನಬೇಡಿ. ಮೊನ್ನೆ ಚಳ್ಳಕೆರೆಯಲ್ಲಿ ಮೆಕ್ಯಾನಿಕ್ ಖಾದರ್ ಭಾಯಿಯ ಅಂಗಡಿ ಮುಂದೆ ಕುಳಿತು ನಾನು ಒಂದು ಪೊಟ್ಟಣ ತಿಂದೆ. ಅವರು ಗ್ರೀಸು ಮೆತ್ತಿದ ಕೈಯಲ್ಲೇ ನನ್ನ ಪೊಟ್ಟಣದಿಂದ ಪಾಲು ತೆಗೆಯುತ್ತಿದ್ದರು. ಬೇಡವೆನ್ನಲು ಬಾಯಿ ಬರಲಿಲ್ಲ. ಅವರ ಮುಂದೆ ಬಿಚ್ಚಿ ಹರಡಿದ್ದುದು ನಮ್ಮ ಸೋದರಮಾವನ ದೋಣಿಯ ಮೋಟಾರು.

ಹೌದು, ದೋಣಿ. ಚಳ್ಳಕೆರೆ ಸೀಮೆಯಲ್ಲಿ. ನಗುವುದಿದ್ದರೆ ಈಗಲೇ ನಕ್ಕುಬಿಡಿ.

ನನ್ನಿವಾಳ ಹಳ್ಳಿಯ ನಮ್ಮ ಮಾವ, ಇನ್ನೂ ಮೀಸೆ ಕಪ್ಪಗಿದ್ದ ಕಾಲದಲ್ಲಿ, ಎತ್ತು ನೋಡಿಬರುತ್ತೇನೆಂದು ಹೋದವರು ಟ್ರ್ಯಾಕ್ಟರಿನ ಟ್ರೈಲರಿನಲ್ಲಿ ಫೈಬರ್ ದೋಣಿಯೊಂದನ್ನು ಹೇರಿಕೊಂಡು ಬಂದರು. ಎಲ್ಲೋ ಕೆರೆ ತುಂಬಿದ್ದಾಗ ಜನರನ್ನು ಸುತ್ತಾಡಿಸಲು ಯಾರೋ ತಂದಿಟ್ಟದ್ದು. ಕೆರೆ ಬತ್ತಿದ ಮೇಲೆ ಹರಾಜಿಗೆ ಬಂದಿತ್ತು. ಸವಾಲು ಕೂಗಿದವರು ಮಾವ ಒಬ್ಬರೇ. ಟ್ರೈಲರಿನ ಹಿಂದೆ ಊರಿಗೆ ಊರೇ ನಡೆದು ಬಂತು.

“ಏನ್ಲೇ, ಕೂಸು ಹುಟ್ಟೋಕೆ ಮುಂಚೆ ಕುಲಾವಿ ತಂದಿದೀಯಲ್ಲ, ಕೆರೆ ಎಲ್ಲೈತೆ?” ಎಂದರು ಒಬ್ಬ ಹಿರಿಯರು.

“ಕೆರೆ ಇಲ್ಲೇ ಐತಲ್ರಿ. ನೀರೊಂದು ಬರ್ಬೇಕು,” ಎಂದರು ಮಾವ.

ಮಾವನ ಹೆಂಡತಿ ನಾಗತ್ತೆ ಬಾಗಿಲಲ್ಲಿ ನಿಂತು ನೋಡಿದರು. ಬೈಯಲಿಲ್ಲ. “ಹಿತ್ತಲಾಗೆ ಇಳ್ಸಿ,” ಎಂದರು, ಅಷ್ಟೇ.

ನೀರು ಬರಲಿಲ್ಲ. ದೋಣಿ ಬೇವಿನ ಮರದಡಿ ಕಲ್ಲುಗಳ ಮೇಲೆ ಕೂತಿತು. ನಮ್ಮ ಕಡೆ ಬಿತ್ತನೆಯ ಶೇಂಗಾವನ್ನು ಕೈಯಲ್ಲೇ ಸುಲಿಯುವುದು ರೂಢಿ; ಯಂತ್ರಕ್ಕೆ ಹಾಕಿದರೆ ಬೀಜ ಒಡೆಯುತ್ತದೆ. ನಮ್ಮೂರ ಗಾಳಿಗೋ, ಅಂಗಳದಲ್ಲಿ ಸುಲಿದ ಸಿಪ್ಪೆ ಆಂಧ್ರ ಮುಟ್ಟೀತು. ಅತ್ತೆ ಕೇರಿಯ ಹೆಂಗಸರನ್ನೆಲ್ಲ ದೋಣಿಯೊಳಗೆ ಕೂರಿಸಿದರು. ಎದುರುಬದುರು ಹಲಗೆ, ನಡುವೆ ಕಾಯಿಯ ರಾಶಿ, ಗಾಳಿಯ ಕಾಟವಿಲ್ಲ. ಅಲ್ಲಿ ಸುಲಿದದ್ದು ಬರೀ ಶೇಂಗಾ ಎಂದು ಮಾತ್ರ ನಾನು ಆಣೆ ಮಾಡಲಾರೆ. ಊರಿನ ಅರ್ಧ ಗಂಡಸರ ಸಿಪ್ಪೆಯೂ ಆ ತಳದಲ್ಲೇ ಉದುರಿದೆ.

ಮಾವನಿಗೆ ಮಾತ್ರ ಅದು ಮೊದಲಿನಿಂದಲೂ ವಾಹನವೇ. ಆಯುಧಪೂಜೆಗೆ ತೊಳೆದು, ವಿಭೂತಿ ಬಳಿದು, ಹಾರ ಹಾಕುತ್ತಿದ್ದರು. ಆದರೆ ಚಕ್ರವಿಲ್ಲದ ವಾಹನಕ್ಕೆ ನಿಂಬೆಹಣ್ಣು ಎಲ್ಲಿಡಬೇಕು? ಮೂತಿಯ ಕೆಳಗಿನ ಕಲ್ಲಿನ ಮೇಲಿಟ್ಟು, ನಮ್ಮನ್ನೆಲ್ಲ ಕರೆದು, ದೋಣಿಯನ್ನೇ ಎತ್ತಿ ಅದರ ಮೇಲೆ ಇಳಿಸುತ್ತಿದ್ದರು. ಹಣ್ಣು ಪಚಕ್ಕೆಂದಾಗ, “ಹೊಂಟಿತು ನೋಡ್ರಲೇ!” ಎಂದು ಕೇಕೆ ಹಾಕುತ್ತಿದ್ದರು.

ಈ ಸಲ ಕೆರೆ ಕೋಡಿ ಬಿದ್ದಿದೆ. ಮಾವನ ಮೀಸೆ ಬೆಳ್ಳಗಾಗಿ, ಮಂಡಿ ಹಿಡಿದು, ಆಸೆಗಳೆಲ್ಲ ಕರಗಿ ಒಂದೇ ಉಳಿದಿದೆ: ಆ ದೋಣಿಯಲ್ಲಿ ಒಂದು ಸುತ್ತು. ಮೊಳಕಾಲ್ಮೂರಿನಲ್ಲಿರುವ ನನಗೆ ದಿನಾ ಫೋನು. “ಬಾರಲೇ ಅಳಿಯ, ನೀರು ಇಳಿಯೋದ್ರಾಗೆ ರಿಪೇರಿ ಆಗ್ಬೇಕು.” ಹಿಂದಿನಿಂದ ಅತ್ತೆಯ ದನಿ: “ಕಾಯಿ ಎಲ್ಲಿ ಸುಲೀಲಿ, ನಿಮ್ ತಲೆ ಮ್ಯಾಲಾ?”

ಇಬ್ಬರ ನಡುವೆ ಸಿಕ್ಕ ನಾನು ಒಂದು ಉಪಾಯ ಹೂಡಿ, ಮೋಟಾರನ್ನಷ್ಟೇ ಬಿಚ್ಚಿ ಚಳ್ಳಕೆರೆಗೆ ಒಯ್ದೆ. ಖಾದರ್ ಭಾಯಿ ‘ಆಗೋದಿಲ್ಲ’ ಎಂದುಬಿಟ್ಟರೆ ತಂಟೆಯೇ ಮುಗಿಯಿತಲ್ಲ! ಅವರೋ ಜನ್ಮದಲ್ಲಿ ದೋಣಿ ಹತ್ತಿದವರಲ್ಲ. “ಇಂಜಿನ್ ಅಂದ್ರೆ ಇಂಜಿನ್ ಸಾರ್. ನೀರಾಗೆ ಓಡ್ಲಿ, ರೋಡ್‌ನಾಗೆ ಓಡ್ಲಿ,” ಎಂದು ನೀರು ತುಂಬಿದ ಡ್ರಮ್ಮಿಗೆ ಮೋಟಾರು ಬಿಗಿದು ಹಗ್ಗ ಎಳೆದರು. ಎಳೆದರು, ಬೈದರು, ಮತ್ತೆ ಎಳೆದರು. ಅದು ಕೆಮ್ಮಿತು, ಹೊಗೆ ಉಗುಳಿತು, ಹತ್ತಿಕೊಂಡೇಬಿಟ್ಟಿತು! ಡ್ರಮ್ಮಿನ ನೀರೆಲ್ಲ ಎದ್ದು ನಮ್ಮಿಬ್ಬರ ತಲೆ ಮೇಲೆ.

“ಬಂದ್ ಮಾಡ್ರೀ!” ಎಂದು ಅರಚಿದೆ.

“ಯಾಕೆ ಸಾರ್? ಎಷ್ಟೋ ವರ್ಷದ್ ಮೇಲೆ ಬಾಯಿ ಬಿಟ್ಟೈತೆ ಪಾಪ, ಮಾತಾಡ್ಲಿ ಬಿಡಿ!”

ಇನ್ನೇನು, ಇಬ್ಬರೂ ಒದ್ದೆ ಬಟ್ಟೆಯಲ್ಲೇ ನನ್ನಿವಾಳಕ್ಕೆ ಹೋದೆವು. ಸಿಪ್ಪೆ ಗುಡಿಸಿದಾಗ ತಳದಲ್ಲಿ ತೂತು ಕಂಡಿತು. ಮಳೆನೀರು ಬಸಿಯಲೆಂದು ದೋಣಿ ಮಾಡಿದವರೇ ಇಟ್ಟದ್ದೆಂದು ನಾವೆಲ್ಲ ನಂಬಿದ್ದ ತೂತು ಅದು. ಖಾದರ್ ಭಾಯಿ ಬೆರಳು ತೂರಿಸಿ ನೋಡಿ, “ಇದು ಮೊದ್ಲಿಂದು ಅಲ್ಲ. ಯಾರೋ ಬೈರಿಗೆ ಹಾಕಿ ಕೊರ್ದವ್ರೆ,” ಎಂದರು.

“ಯಾವನಲೇ ಅವನು!” ಮಾವ ಗುಡುಗಿದರು.

“ನಾನೇ,” ಎಂದರು ನಾಗತ್ತೆ, ಕೈಯಲ್ಲಿದ್ದ ಮೊರ ಕೂಡ ಕೆಳಗಿಡದೆ. “ತಂದ ದಿನಾನೇ ಕೊರೆದೆ. ನಿಮಗೆ ಈಜು ಬರ್ತೈತಾ?”

“ಅಯ್ಯೋ ಪುಣ್ಯಾತ್‌ಗಿತ್ತಿ, ನೋಡದೆ ಇಳಿಸಿದ್ರೆ ಮುಳುಗಿ ಸಾಯ್ತಿದ್ನಲ್ಲೇ!”

“ಎಲ್ಲಿ ಸಾಯ್ತಿದ್ರಿ? ದಡದಾಗೇ ಮುಳುಗ್ತಿತ್ತು, ಮೊಣಕಾಲುದ್ದ ನೀರಾಗೆ. ಬಟ್ಟೆ ಹಿಂಡ್ಕೊಂಡು ಮನಿಗೆ ಬರ್ತಿದ್ರಿ.”

ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮಾವ ನಗಲಿಲ್ಲ. ದೋಣಿಯ ಅಂಚನ್ನು ಮೆಲ್ಲಗೆ ಸವರಿ, “ಹಂಗಾದ್ರೆ ಬಿಡು. ಕಾಯಿ ಸುಲಿ,” ಎಂದು ಒಳಗೆ ಹೊರಟರು.

ಅತ್ತೆ ಆ ಬೆನ್ನನ್ನೇ ನೋಡಿದರು. ಮೊರ ಕೆಳಗಿಟ್ಟರು.

“ಭಾಯಿ, ತೂತು ಮುಚ್ಚಾಕೆ ಆಗ್ತೈತಾ?”

“ಯಾಕಾಗಲ್ಲಮ್ಮಾ?”

“ಹಂಗಾದ್ರೆ ಮುಚ್ರಿ. ಆದ್ರೆ ನಾನೂ ಕೂರ್ತೀನಿ. ಮುಳುಗಿದ್ರೆ ಇಬ್ರೂ ಮುಳುಗ್ಲಿ. ಒಬ್ಳೇ ಕುಂತು ಕಾಯಿ ಸುಲಿಯಾಕೆ ನನ್ ಕೈಲಾಗಾಕಿಲ್ಲ.”

ಒಳಗೆ ಹೋಗುತ್ತಿದ್ದ ಮಾವ ಮಂಡಿನೋವು ಮರೆತು ತಿರುಗಿದ ವೇಗವನ್ನು ನೀವು ನೋಡಬೇಕಿತ್ತು.

ಇವತ್ತು ಮತ್ತೆ ಖಾದರ್ ಭಾಯಿಯ ಅಂಗಡಿಯಲ್ಲಿದ್ದೇನೆ. ತೇಲುವುದಕ್ಕೆ ಹಳೇ ಟಯರಿನ ಟ್ಯೂಬುಗಳಿಗೆ ಗಾಳಿ ತುಂಬುತ್ತಿದ್ದಾರೆ: ಅತ್ತೆಗೊಂದು, ಮಾವನಿಗೊಂದು. ದಡದಲ್ಲಿ ನಿಂತು ಕೈಬೀಸುವುದು ನನ್ನ ಪಾಲಿನ ಕೆಲಸವೆಂದು ತೀರ್ಮಾನಿಸಿಕೊಂಡಿದ್ದೆ. ಈಜು ನನಗೂ ಬಾರದು. ಖಾದರ್ ಭಾಯಿ ನನ್ನ ಸೊಂಟವನ್ನು ಕಣ್ಣಲ್ಲೇ ಅಳೆದು, “ನಿಮಗೆ ಟ್ರ್ಯಾಕ್ಟರ್‌ದು, ಹಿಂದಿನ್ ಚಕ್ರದ್ದೇ ಬೇಕು ಸಾರ್,” ಎಂದರು.

ಬೇಡವೆನ್ನಬೇಕೆಂದು ಬಾಯಿ ತೆರೆದೆ. ತೆರೆದ ಬಾಯಿ, “ಗಟ್ಟಿ ಇರೋದು ಕೊಡ್ರಿ,” ಎಂದಿತು.